ದಾರ ಕಟ್ಟಿದ ಬೆಣೆ

ಎಡಗೈಯ ಐದೂ ಉಗುರು ಕತ್ತರಿಸಿ ಆದ ಮೇಲೆ ಬಲಗೈಯವನ್ನು ಕತ್ತರಿಸಲು ಅವನಿಗೆ ಮನಸ್ಸಾಗಲಿಲ್ಲ. ಹಾಸಿಕೊಂಡಿದ್ದ ಹಳೆಯ ಪೇಪರಿನ ಮೇಲೆ ಐದು ಚೂರು ಬಿದ್ದಿದ್ದವು. ಹೆಬ್ಬೆರಳಿನದು ದಪ್ಪ, ಕಿರುಬೆರಳಿನದು ಇದೆಯೋ ಇಲ್ಲವೋ ಎನ್ನುವಷ್ಟು. ನಡುವಿನ ಮೂರನ್ನು ಅವನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ. ಯಾಕೆ ಸರಿಸಿದೆ ಎಂದು ಹೊಳೆದ ಕೂಡಲೇ, ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ಅವಸರದಲ್ಲಿ ಮತ್ತೆ ಅಲ್ಲಿಗೇ ತಂದಿಟ್ಟ. ನೋಡುವವರು ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಸದ್ದು ಕೇಳಿದರೆ ಅವನ ಕೈಗಳು ತಾವಾಗಿ ತಾಳ ಹಾಕುತ್ತಿದ್ದವು. ಯಂತ್ರದ ಮುಂದೆ ಕೂತವನಿಗೆ ಇನ್ನೊಂದು ಯಂತ್ರದ ಸದ್ದು ನೆಂಟರ ಮಾತಿನಂತೆ ಕೇಳಿಸುತ್ತದೆ. ಈಗ ಯೂನಿಯನ್ ಕೆಲಸಕ್ಕೆ ಅಂತ ಫ್ಯಾಕ್ಟರಿಯ ಪ್ರೆಸ್ ಬಿಟ್ಟು ಒಂಬತ್ತು ವರ್ಷ. ಅಂಗೈಯಲ್ಲಿ ಗಟ್ಟಿಕಟ್ಟಿದ್ದ ಚರ್ಮ ಸುಲಿದು ಹೋಗಿ ಯಾರದೋ ಕೈಯ ಹಾಗೆ ಮೆತ್ತಗಾಗಿದೆ.

"ಏನು ಲೀಡರ್ ಸಾಹೇಬ್ರೇ, ಉಗುರುಗಳನ್ನೂ ಮೆರವಣಿಗೆಗೆ ನಿಲ್ಲಿಸಿದೀರಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳ ಅಭ್ಯಾಸ. "ಇವತ್ತು ಆ ಹುಡುಗೀ ವಿಚಾರಣೆ, ಅಲ್ವಾ?"

"ಹೂಂ. ಹನ್ನೊಂದಕ್ಕೆ."

"ಉಳೀತಾಳಾ ಕೆಲಸದಲ್ಲಿ?"

"ನೋಡ್ಬೇಕು."

"ನಿಮ್ಮ ಬಾಯಲ್ಲಿ 'ನೋಡ್ಬೇಕು' ಅಂತ ಬಂದ್ರೆ ಆಯ್ತು ಬಿಡಿ ಕಥೆ." ಅವಳು ಪೇಪರನ್ನು ಉಗುರಿನ ಸಮೇತ ಮಡಚಿ ಎತ್ತಿಕೊಂಡು ಹೋದಳು. ಬಲಗೈ ಹಾಗೇ ಉಳಿಯಿತು. ಒಂದು ಕೈ ಸಭ್ಯಸ್ಥರ ಮನೆಯದು, ಇನ್ನೊಂದು ಹಾಗೇ ಬಿಟ್ಟದ್ದು. ಇಡೀ ದಾರಿ ಅವನು ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ನಡೆದ.

ಆ ಹುಡುಗಿಗೆ ಶೆಡ್ಡಿನಲ್ಲಿ ಎಲ್ಲರೂ ಮೆಣಸಿನಕಾಯಿ ಅನ್ನುತ್ತಿದ್ದರು. ಕುಳ್ಳಗೆ, ಸಣ್ಣಗೆ ಇದ್ದಳು, ಬಾಯಿ ಮಾತ್ರ ಖಾರ. ಮೀಟಿಂಗಿನಲ್ಲಿ ಅವನು ಭಾಷಣ ಶುರು ಮಾಡಿದರೆ ಹಿಂದಿನ ಸಾಲಿನಿಂದ "ಅಣ್ಣಾ, ಊಟದ ಟೈಮ್ ಒಳಗೆ ಕ್ರಾಂತಿ ಮುಗಿಯುತ್ತಾ?" ಎಂದು ಕೂಗಿದ್ದವಳು ಅವಳೇ. ಮೂರು ವಾರದ ಹಿಂದೆ ಏಳನೇ ಪ್ರೆಸ್ಸು ಅವಳ ಎಡಗೈಯ ಮೂರು ಬೆರಳು ತೆಗೆದುಕೊಂಡಿತು. ಪ್ರೆಸ್ಸು ಅನ್ನುವುದು ಅಂಥ ತಿಳಿಯದ ವಸ್ತುವೇನಲ್ಲ. ಮೇಲಿನಿಂದ ಒಂದು ಅಚ್ಚು ಬಂದು ಕೆಳಗಿನ ಅಚ್ಚಿಗೆ ಬಡಿಯುತ್ತದೆ, ನಡುವೆ ಇಟ್ಟ ತಗಡು ಬಾಗಿಲಿನ ಕೀಲಾಗಿ ಹೊರಗೆ ಬೀಳುತ್ತದೆ. ಕೈ ನಡುವೆ ಸಿಗಬಾರದು ಅಂತಲೇ ಎರಡು ಬಟನ್ ಇಟ್ಟಿದ್ದಾರೆ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎಡಗಡೆಯ ಬಟನ್ನಿಗೂ ಅದರ ಸುತ್ತಲಿನ ಬಳೆಗೂ ನಡುವೆ ಒಂದು ಮರದ ಬೆಣೆ ಸಿಕ್ಕಿಸಿದರೆ ಆ ಬಟನ್ ಒತ್ತಿದ ಹಾಗೇ ಇರುತ್ತದೆ. ಆಗ ಬಲಗೈ ಬಟನ್ ಒತ್ತುತ್ತಿರುವಾಗ ಎಡಗೈ ಮುಂದಿನ ತಗಡನ್ನು ಒಳಗೆ ತಳ್ಳಬಹುದು. ಆ ದಿನ ಬಲಗೈಗೆ ಅವಸರವಾಗಿತ್ತು, ಅದು ಎಡಗೈಗೆ ತಿಳಿಯಲಿಲ್ಲ.

ಈಗ ಅವಳ ಮೇಲೆಯೇ ಆರೋಪ. ಯಂತ್ರದ ಸುರಕ್ಷೆಯನ್ನು ಬೇಕೆಂದೇ ಕೆಡಿಸಿದ್ದಾಳೆ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಅವಳ ಪರವಾಗಿ ಮಾತಾಡಬೇಕಾದವನು ಅವನು.

ಗೇಟಿನ ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದ. ಒಂಬತ್ತು ವರ್ಷದಿಂದ ದಿನವೂ ಹೊಡೆಯುತ್ತಾನೆ, ಒಂಬತ್ತು ವರ್ಷದಿಂದ ಅದಕ್ಕೆ ಏನು ಮಾಡಬೇಕು ಎಂದು ಅವನಿಗೆ ತಿಳಿದಿಲ್ಲ. ಕೈ ಅರ್ಧ ಎತ್ತಿ ತಲೆ ಸವರಿಕೊಂಡ ಹಾಗೆ ಮಾಡಿದ. ಶೆಡ್ಡಿನ ಪಕ್ಕದಲ್ಲಿ ನಾಲ್ಕು ಜನ ನಗುತ್ತಾ ನಿಂತಿದ್ದರು. ಅವನನ್ನು ಕಂಡು "ಅಣ್ಣ ಬಂದ್ರು" ಎಂದು ಒಬ್ಬ ಸಿಗರೇಟನ್ನು ಬೆನ್ನ ಹಿಂದೆ ಹಿಡಿದ. ಒಂದು ಸಿಗರೇಟನ್ನು ನಾಲ್ಕು ಜನ ಎಳೆಯುತ್ತಿದ್ದ ಕಾಲದಲ್ಲಿ ಆ ನಾಲ್ವರಲ್ಲಿ ಒಬ್ಬ ತಾನಾಗಿದ್ದ. ಏನು ನಗುತ್ತಿದ್ದಿರಿ ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಅವರು "ಏನಿಲ್ಲಣ್ಣ" ಅನ್ನುತ್ತಿದ್ದರು. ಹನ್ನೊಂದು ಪ್ರೆಸ್ಸುಗಳಲ್ಲಿ ಹತ್ತು ಒಂದರ ಹಿಂದೊಂದು ಬಡಿಯುತ್ತಿದ್ದವು. ಏಳನೆಯದರ ಮೇಲೆ ಮಾತ್ರ ಹಳದಿ ಟೇಪು ಸುತ್ತಿ ನಿಲ್ಲಿಸಿದ್ದರು. ಹನ್ನೊಂದು ಸದ್ದಿನ ಸಾಲಿನಲ್ಲಿ ಒಂದು ಬಿಟ್ಟುಹೋದರೆ ಹಲ್ಲು ಬಿದ್ದ ಬಾಯಿಯ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ.

ಆ ಪ್ರೆಸ್ಸಿನ ಸ್ಟೂಲಿನ ಮೇಲೆ ಅವನು ಏಳು ವರ್ಷ ಕೂತಿದ್ದ. ಅಲ್ಲಿಂದ ಕಾಣುವ ಕಂಬ, ಕಂಬಕ್ಕೆ ನೇತುಹಾಕಿದ ಬೆಂಕಿ ಆರಿಸುವ ಕೆಂಪು ಡಬ್ಬಿ, ಅದರ ಮೇಲಿನ ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದಿದ್ದ 'ಕತ್ತೆ' ಎಂಬ ಪದ. ಯಾರು ಬರೆದದ್ದೋ, ಯಾರಿಗೋ. ಟೈಮ್ ಸ್ಟಡಿಯವನು, ಅಂದರೆ ಗಡಿಯಾರ ಹಿಡಿದು ಕೆಲಸದ ವೇಗ ಅಳೆಯುವವನು, ಬರುತ್ತಾನೆ ಎಂದು ಸುದ್ದಿಯಾದಾಗ ಹಿಂದಿನ ಸಂಜೆ, ಎಲ್ಲರಿಗಿಂತ ಹಳೆಯ ಕೆಲಸಗಾರ, ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದವರು, ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಹೇಳಿದ್ದರು: "ನಾಳೆ ಎಲ್ರೂ ಮುದುಕರಾಗ್ಬೇಕು ಕಣ್ರಪ್ಪಾ. ಕೀಲು ಹಿಡಿದವರ ಹಾಗೆ ಕೆಲಸ ಮಾಡಿ. ಅವನು ಗಡಿಯಾರದಲ್ಲಿ ಏನು ಬರ್ಕೊಂಡು ಹೋಗ್ತಾನೋ ಅದೇ ನಮ್ಮ ಹಣೆಬರಹ." ಎಲ್ಲರೂ ನಕ್ಕಿದ್ದರು. ಒಬ್ಬ ಆಗಲೇ ಬೆನ್ನು ಬಗ್ಗಿಸಿ ಕೋಲೂರಿದವನಂತೆ ನಡೆದು ತೋರಿಸಿದ್ದ. ಮರುದಿನ ಹತ್ತು ಜನರೂ ನಿಜಕ್ಕೂ ಮುದುಕರಾದರು. ಅವನಿಗೆ ಇಪ್ಪತ್ನಾಲ್ಕು ವರ್ಷ. ಪ್ಯಾಕಿಂಗ್ ಪೆಟ್ಟಿಗೆಯ ಮರದ ಚೂರಿನಿಂದ ತನಗೆ ಮಾತ್ರ ಅಂತ ಒಂದು ಬೆಣೆ ಕೆತ್ತಿಕೊಂಡಿದ್ದ. ದಪ್ಪ ತುದಿಗೆ ಬೆರಳು ಜಾರದ ಹಾಗೆ ಎರಡು ಕಚ್ಚು, ಒಂದು ತೂತು, ತೂತಿಗೆ ಚಪ್ಪಲಿ ಹೊಲಿಯುವ ಕಪ್ಪು ಮೇಣದ ದಾರ. ಯಾರಾದರೂ ಬಂದರೆ ದಾರ ಎಳೆದರೆ ಸಾಕು, ಬೆಣೆ ಮಡಿಲಿಗೆ ಬೀಳುತ್ತದೆ. ದಿನಕ್ಕೆ ಹತ್ತು ನಿಮಿಷ ಮುಂಚೆ ಮುಗಿಸಿ ಕಂಬಕ್ಕೆ ಒರಗಿ ನಿಲ್ಲುವುದು, ಅಷ್ಟೇ ಅವನ ಆಸೆಯಾಗಿತ್ತು. ಆದರೆ ಗಡಿಯಾರದವನು ಆರನೇ ಪ್ರೆಸ್ಸಿನ ಹಿಂದೆ ನಿಂತು ಬೇಸರದಿಂದ ಆಕಳಿಸಿ, ಅವನ ಹತ್ತಿರ ಬಂದಾಗ "ನೀನೂ ಅಷ್ಟೇನಾ?" ಎಂದ. ಅಷ್ಟೇ ಅಂದದ್ದು. ಆ ಎರಡು ಪದಕ್ಕೆ ಅವನ ಕಿವಿ ಬಿಸಿಯಾಯಿತು. ಒಂದು ಎಣ್ಣೆಬಟ್ಟೆಯನ್ನು ಎಡಗಡೆಯ ಬಟನ್ನಿನ ಮೇಲೆ ಎಸೆದ, ಬಟ್ಟೆಯ ಅಡಿಯಲ್ಲಿ ಬೆಣೆ ಸಿಕ್ಕಿಸಿದ. ಹತ್ತು ನಿಮಿಷಕ್ಕೆ ಎಪ್ಪತ್ತೆರಡು ಕೀಲು. ಎದುರು ನಿಂತಿದ್ದ ಸೂಪರ್‌ವೈಸರ್ ಬಟ್ಟೆಯನ್ನು ನೋಡಿದ, ಅವನ ಮುಖ ನೋಡಿದ, ಆಮೇಲೆ ಕೆಂಪು ಡಬ್ಬಿಯನ್ನು ನೋಡುತ್ತಾ ನಿಂತ. ಗಡಿಯಾರದವನು "ಭೇಷ್" ಎಂದ. ಆ ಭೇಷ್ ಎಷ್ಟು ಸಿಹಿಯಾಗಿತ್ತು ಎಂದರೆ ಆ ದಿನವಿಡೀ ಅವನು ಅದನ್ನು ಚಪ್ಪರಿಸುತ್ತಿದ್ದ.

ಮುಂದಿನ ತಿಂಗಳು ಬೋರ್ಡಿನ ಮೇಲೆ ಹನ್ನೊಂದು ಪ್ರೆಸ್ಸಿಗೂ ಅದೇ ಸಂಖ್ಯೆ ಬರೆದರು. ಯಾರ ಎಣಿಕೆ ಎಂದು ಅದರಲ್ಲಿ ಇರಲಿಲ್ಲ. ದೊಡ್ಡಪ್ಪನಿಗೆ ಗೊತ್ತಾಗಿತ್ತು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಲ್ಲಿಯ ಹತ್ತಿರ ಕೈಗೆ ಸೋಪು ಹಚ್ಚಿಕೊಳ್ಳುತ್ತಾ, "ಇನ್ನೇನು, ಎಲ್ರಿಗೂ ಒಂದೊಂದು ಕೆತ್ತಿ ಕೊಡು" ಅಂದರು, ಅಷ್ಟೇ. ಒಂದು ವಾರ ಮನೆಯಲ್ಲಿ ಕೂತು ಹತ್ತು ಬೆಣೆ ಕೆತ್ತಿದ, ಹತ್ತಕ್ಕೂ ದಾರ ಕಟ್ಟಿದ. ಹೇಗೆ ಸಿಕ್ಕಿಸಬೇಕು, ಹೇಗೆ ಎಳೆಯಬೇಕು ಎಂದು ಒಬ್ಬೊಬ್ಬರ ಪಕ್ಕದಲ್ಲೂ ಕುಕ್ಕರಗಾಲಲ್ಲಿ ಕೂತು ಕಲಿಸಿದ. ಜನ ಅವನ ಹೆಗಲ ಮೇಲೆ ಕೈ ಹಾಕಿದರು. ನಮಗೋಸ್ಕರ ತಲೆ ಓಡಿಸುವವನು ಇವನೇ ಎಂದರು. ಯೂನಿಯನ್ ಚುನಾವಣೆ ಬಂದಾಗ ಕೈ ಎತ್ತಿದರು. ಬೆಣೆಗಳು ಪ್ರೆಸ್ಸುಗಳ ಜೊತೆಯೇ ಉಳಿದವು. ಒಬ್ಬರು ಬಿಟ್ಟು ಇನ್ನೊಬ್ಬರು ಬಂದರೆ ಹಳಬರು ಎಣ್ಣೆಬಟ್ಟೆಯಲ್ಲಿ ಸುತ್ತಿದ್ದನ್ನು ಹೊಸಬರ ಕೈಗೆ ಇಡುತ್ತಿದ್ದರು, ಮನೆ ಬೀಗದ ಕೈ ಕೊಟ್ಟ ಹಾಗೆ. ಯಾರು ಮಾಡಿದ್ದು ಎಂದು ಕೇಳುವುದನ್ನು ಜನ ಎಂದೋ ಬಿಟ್ಟಿದ್ದರು.

ಆ ಸೂಪರ್‌ವೈಸರ್ ಈಗ ಮ್ಯಾನೇಜರ್. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವನನ್ನು ತನ್ನ ಕೋಣೆಗೆ ಕರೆಸಿ, ಕುರ್ಚಿ ಎಳೆದು, ಚಹಾ ತರಿಸಿದ. ಜೊತೆಗೆ ತಟ್ಟೆಯಲ್ಲಿ ಎರಡು ಬಿಸ್ಕತ್ತು. ಮೊದಲ ವರ್ಷ ಈ ಬಿಸ್ಕತ್ತನ್ನು ಅವನು ಮುಟ್ಟುತ್ತಿರಲಿಲ್ಲ. ಎರಡನೇ ವರ್ಷ ಒಂದು ತಿಂದ. ಈಗ ಮಾತು ಶುರುವಾಗುವ ಮೊದಲೇ ಕೈ ಹೋಗುತ್ತದೆ. ಹೋದ ಕೈಯಲ್ಲಿ ಉದ್ದ ಉಗುರು ಕಂಡು ಹಿಂದಕ್ಕೆ ಎಳೆದುಕೊಂಡ.

"ತಗೊಳ್ಳಿ, ಸಂಕೋಚ ಯಾಕೆ. ಲೀಡರೇ, ಒಂದು ಮಾತು. ಆ ಹುಡುಗಿ ತಪ್ಪು ಒಪ್ಕೊಂಡು ಸೈನ್ ಹಾಕ್ಲಿ. ಪ್ಯಾಕಿಂಗ್‌ಗೆ ಹಾಕೋಣ. ಕೆಲಸ ಹೋಗಲ್ಲ."

"ಪ್ಯಾಕಿಂಗಲ್ಲಿ ಪಟ್ಟಿ ಬಿಗಿಯಕ್ಕೆ ಎರಡೂ ಕೈ ಬೇಕು ಸರ್."

"ಅದನ್ನ ಆಮೇಲೆ ನೋಡೋಣ."

ಆಮೇಲೆ ಅಂದರೆ ಎರಡು ತಿಂಗಳು. ಪಟ್ಟಿ ಸಡಿಲವಾಯಿತು, ಪೆಟ್ಟಿಗೆ ಬಿಚ್ಚಿಕೊಂಡಿತು ಎಂದು ಮೂರು ನೋಟೀಸು, ಆಮೇಲೆ ಅವಳೇ ಬರುವುದನ್ನು ನಿಲ್ಲಿಸುತ್ತಾಳೆ. ಇಬ್ಬರಿಗೂ ಅದು ಗೊತ್ತಿತ್ತು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೂ ವಯಸ್ಸಾಗಿತ್ತು, ಕಣ್ಣ ಕೆಳಗೆ ಚೀಲ ಬಂದಿತ್ತು. "ಸುಮ್ನೆ ಕೆದಕ್ತಾ ಹೋದ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೋ. ಹಳೇ ಕಾಗದ, ಹಳೇ ಕಥೆ. ನಿಮಗೂ ಬೇಡ, ನಂಗೂ ಬೇಡ. ಮುಂದಿನ ತಿಂಗಳು ನಿಮ್ಮ ಚುನಾವಣೆ ಬೇರೆ." ಬೆದರಿಕೆಯ ದನಿಯೇ ಅಲ್ಲ, ಒಂದೇ ರೋಗ ಇರುವ ಇಬ್ಬರು ಮಾತ್ರೆಯ ಹೆಸರು ಹೇಳಿಕೊಳ್ಳುವ ದನಿ. ಅದಕ್ಕೇ ಅವನಿಗೆ ಸಿಟ್ಟು ಬರಲಿಲ್ಲ. ದಣಿವಾಯಿತು. ಸಿಟ್ಟು ಬಂದು ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದ. ಮೈಕಿನ ಮುಂದೆ ಬರುವ ಸಿಟ್ಟನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆನಪಾಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅವಳು ತನ್ನ ಅಕ್ಕನ ಜೊತೆ ಕೂತಿದ್ದಳು. ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿ, ನಿದ್ದೆ ಹೋದ ಮಗುವನ್ನು ಮಲಗಿಸಿಕೊಂಡ ಹಾಗೆ ಇಟ್ಟುಕೊಂಡಿದ್ದಳು.

"ಅಣ್ಣಾ, ಸೈನ್ ಹಾಕಿದ್ರೆ ಅದ್ರಲ್ಲಿ ಏನಂತ ಬರೆದಿರ್ತಾರೆ?"

"ನಿನ್ನ ತಪ್ಪು ಅಂತ."

"ನಂದೇ ತಪ್ಪಾ?"

ಮೆಣಸಿನಕಾಯಿಯ ಖಾರವೆಲ್ಲ ಎಲ್ಲಿ ಹೋಯಿತೋ. ಅವಳು ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು. ಅವನು ಗೋಡೆಯ ಮೇಲಿನ ಸ್ವಿಚ್ಚುಗಳನ್ನು ನೋಡಿದ. ಅಕ್ಕ ಸುಮ್ಮನಿರಲಿಲ್ಲ. "ಏನ್ ಕೇಳ್ತೀಯೇ ಅವರನ್ನ? ಭಾಷಣದಲ್ಲಿ ಕೈಗೆ ಕೈ ಸೇರಿಸಿ ಅಂತಾರಲ್ಲ, ನಿಂದನ್ನ ಎಲ್ಲಿ ಸೇರಿಸ್ತಾರೆ ಅಂತ ಕೇಳು."

"ಸುಮ್ನಿರೇ ಅಕ್ಕ." ಅವಳು ಅವನ ಕಡೆ ತಿರುಗಿದಳು. "ನೀವು ಹಾಕು ಅಂದ್ರೆ ಹಾಕ್ತೀನಣ್ಣ."

ಇಷ್ಟು ವರ್ಷ ಅವನು ಬೇಡಿದ್ದು ಇದನ್ನೇ ಅಲ್ಲವೇ, ಜನ ಹೀಗೆ ನಂಬಲಿ ಎಂದು. ಈಗ ಅದು ತುಂಬಿದ ಕೊಡದ ಹಾಗೆ ಅವನ ಮುಂದಿತ್ತು, ಎತ್ತಲು ಸೊಂಟದಲ್ಲಿ ಶಕ್ತಿ ಇರಲಿಲ್ಲ. "ಒಳಗೆ ಹೋಗೋಣ" ಎಂದ.

ವಿಚಾರಣೆ ಮಾಡಲು ಬಂದಿದ್ದ ಅಧಿಕಾರಿ ಹೊರಗಿನವರು, ನಿವೃತ್ತರು. ಪ್ರತಿ ಮಾತನ್ನೂ ತಾವೇ ಬರೆದುಕೊಳ್ಳುತ್ತಿದ್ದರು, ಅದೂ ಎಷ್ಟು ನಿಧಾನವಾಗಿ ಎಂದರೆ, ಉತ್ತರ ಕೊಟ್ಟವರು ತಾವು ಹೇಳಿದ್ದು ಸರಿಯೇ ಎಂದು ಇನ್ನೊಮ್ಮೆ ಯೋಚಿಸುವಷ್ಟು ಹೊತ್ತು ಪೆನ್ನು ಓಡುತ್ತಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ, ನಂಬರಿನ ಚೀಟಿ ಅಂಟಿಸಿ, ಬೆಣೆಯನ್ನು ಇಟ್ಟಿದ್ದರು. ದಾರ ಕೆಂಪಾಗಿತ್ತು. ತಾನು ಕಟ್ಟಿದ್ದು ಕಪ್ಪು. ಹಾಗಾದರೆ ಇದು ಬೇರೆ, ಯಾರೋ ಆಮೇಲೆ ಮಾಡಿಕೊಂಡದ್ದು. ಒಂದು ಕ್ಷಣ ಅವನ ಮೈಯೆಲ್ಲ ಹಗುರಾಯಿತು. ಆಮೇಲೆ ದಪ್ಪ ತುದಿಯ ಎರಡು ಕಚ್ಚು ಕಂಡವು. ಹದಿನಾರು ವರ್ಷ ಹನ್ನೆರಡು ಜನರ ಬೆರಳು ಹಿಡಿದು ಹಿಡಿದು ಅವು ನುಣುಪಾಗಿದ್ದವು. ಹಗುರಾದದ್ದಕ್ಕೆ ನಾಚಿಕೆಯಾಗಿ ಅವನು ನೀರು ಕುಡಿದ.

"ಇದು ನಿಮ್ಮದೇನಮ್ಮಾ?"

"ಪ್ರೆಸ್ಸಿಂದು ಸರ್."

"ಯಾರು ಕೊಟ್ಟರು?"

ಅವಳು ತಲೆ ತಗ್ಗಿಸಿದಳು. ಕೊಟ್ಟವಳು ಅವಳಿಗಿಂತ ಮೊದಲು ಆ ಸ್ಟೂಲಿನಲ್ಲಿ ಕೂತಿದ್ದವಳು, ಈಗ ನಾಲ್ಕನೇ ಪ್ರೆಸ್ಸಿನಲ್ಲಿದ್ದಾಳೆ. ಹೆಸರು ಹೇಳಿದರೆ ಅವಳೂ ಹೋಗುತ್ತಾಳೆ. ಮೂರು ಬೆರಳು ಕಳೆದುಕೊಂಡವಳು ಒಂದು ಹೆಸರನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು.

"ಇದಿಲ್ಲದೆ ಹೇಳಿದಷ್ಟು ಮಾಡಕ್ಕಾಗಲ್ಲ ಸರ್," ಎಂದಳು ಕೊನೆಗೆ.

"ಆಗುತ್ತೆ ಸರ್," ಮ್ಯಾನೇಜರ್ ಒಂದು ಹಳದಿ ಬಣ್ಣಕ್ಕೆ ತಿರುಗಿದ ಕಾಗದವನ್ನು ಮುಂದೆ ತಳ್ಳಿದ. "ಟೈಮ್ ಸ್ಟಡಿ ಮಾಡೇ ಗೊತ್ತು ಮಾಡಿದ್ದು. ಇದೇ ಏಳನೇ ಪ್ರೆಸ್ಸಲ್ಲಿ. ಹತ್ತು ನಿಮಿಷಕ್ಕೆ ಎಪ್ಪತ್ತೆರಡು, ಎರಡೂ ಕೈಯಲ್ಲಿ ಬಟನ್ ಒತ್ತಿ." ಹೇಳುತ್ತಾ ಅವನ ಕಡೆ ನೋಡಲಿಲ್ಲ. ನೋಡದೇ ಇರುವುದೂ ಒಂದು ಉಪಕಾರ. ಅಧಿಕಾರಿ ಬರೆದುಕೊಂಡರು. ಪೆನ್ನಿನ ಸದ್ದು ಕೇಳುತ್ತಿತ್ತು. ಅದು ಮುಗಿಯುವವರೆಗೆ ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದು ಅವನಿಗೆ ಹೊಸದೇನಲ್ಲ. ಮೈಕು ಹಿಡಿದು ಗಂಟೆಗಟ್ಟಲೆ ಸುಮ್ಮನಿರಲು ಅವನು ಕಲಿತಿದ್ದ. ಬೆಳಿಗ್ಗೆ ಹೆಂಡತಿ ಪೇಪರು ಮಡಚಿದ ಸದ್ದು ಯಾಕೋ ನೆನಪಾಯಿತು, ಉಗುರಿನ ಚೂರುಗಳು ಅದರೊಳಗೆ ಜಾರಿದ್ದು.

"ಸರ್," ಎಂದ. "ಪ್ರೆಸ್ಸಿನ ಹತ್ರ ಹೋಗೋಣ. ಆಗುತ್ತೋ ಇಲ್ವೋ, ನಾನು ಕೂತು ತೋರಿಸ್ತೀನಿ."

ಮ್ಯಾನೇಜರ್ ಆಗ ನೋಡಿದ.

ಹಳದಿ ಟೇಪು ಬಿಚ್ಚಿದರು. ಸ್ಟೂಲು ಅವನಿಗೆ ಚಿಕ್ಕದಾಗಿತ್ತು, ಅಥವಾ ಅವನು ದಪ್ಪಗಾಗಿದ್ದ. ಕೂತಾಗ ಅಂಗಿಯ ಹೊಟ್ಟೆಯ ಗುಂಡಿ ಎಳೆಯಿತು. ಕಂಬ ಇತ್ತು, ಕೆಂಪು ಡಬ್ಬಿ ಹೊಸದು. ಅಕ್ಕಪಕ್ಕದ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಜನ ಕೈ ಒರೆಸಿಕೊಳ್ಳುತ್ತಾ ಬಂದು ಸುತ್ತ ನಿಂತರು. ಅಧಿಕಾರಿ ತಮ್ಮ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರು. ಮೊದಲು ಎರಡೂ ಕೈಯಲ್ಲಿ, ನಿಯಮದ ಪ್ರಕಾರ. ತಗಡು ಇಡು, ಕೈ ತೆಗೆ, ಎರಡೂ ಬಟನ್, ಬಡಿತ, ತೆಗೆ. ತಗಡಿನ ಅಂಚು ಮೆತ್ತಗಿನ ಅಂಗೈಗೆ ಎರಡು ಕಡೆ ಕಚ್ಚಿತು. ಐದನೇ ನಿಮಿಷಕ್ಕೆ ಬೆನ್ನಲ್ಲಿ ಬೆವರು ಇಳಿಯಿತು. ಹತ್ತು ನಿಮಿಷಕ್ಕೆ ನಲವತ್ತೊಂಬತ್ತು.

"ನಮ್ಮ ಲೀಡರಿಗೆ ಅಭ್ಯಾಸ ತಪ್ಪಿದೆ ಸರ್," ಎಂದ ಮ್ಯಾನೇಜರ್, ನಗುತ್ತಾ. "ಕುರ್ಚಿ ಅಭ್ಯಾಸ ಆಗಿದೆ." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಮ್ಮವರೇ. ಆ ನಗು ಅವನ ಕುತ್ತಿಗೆಯ ಹಿಂದೆ ತಣ್ಣೀರಿನ ಹಾಗೆ ಇಳಿಯಿತು. ಆಶ್ಚರ್ಯವೆಂದರೆ ಹಿತವಾಗಿಯೇ ಇಳಿಯಿತು. ಸಲಾಮಿಗಿಂತ ಎಷ್ಟೋ ವಾಸಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಲವತ್ತೊಂಬತ್ತು ಸಾಕು, ವಾದ ಮಾಡಬಹುದು, ಇನ್ನೊಬ್ಬರನ್ನು ಕೂರಿಸಿ ನೋಡಿ ಎನ್ನಬಹುದು. ಅವನು ಎಡಗೈ ಚಾಚಿದ. "ಬೆಣೆ ಕೊಡಿ."

ಅಧಿಕಾರಿ ಮ್ಯಾನೇಜರ್ ಕಡೆ ನೋಡಿದರು, ಚೀಲ ಬಿಚ್ಚಿದರು. ಅವನು ಬೆಣೆಯನ್ನು ನೋಡಲಿಲ್ಲ. ಹೆಬ್ಬೆರಳು ಕಚ್ಚುಗಳನ್ನು ಹುಡುಕಿಕೊಂಡಿತು, ಮಣಿಕಟ್ಟು ಒಂದು ಸುತ್ತು ತಿರುಗಿತು, ಬೆಣೆ ಬಳೆಯೊಳಗೆ ತನ್ನ ಜಾಗಕ್ಕೆ ಹೋಗಿ ಕೂತಿತು. ದಾರವನ್ನು ಮೊಣಕಾಲಿನ ಮೇಲೆ ಇಳಿಬಿಟ್ಟ. ಕುರುಡನೊಬ್ಬ ತನ್ನ ಮನೆಯ ಬಾಗಿಲು ತೆಗೆದ ಹಾಗಿತ್ತು ಅದು. ಸುತ್ತ ನಿಂತವರಲ್ಲಿ ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ನಿಂತಿತು. ಆಮೇಲೆ ಅವನು ಏನನ್ನೂ ಯೋಚಿಸಲಿಲ್ಲ. ಕೈಗಳು ಇಪ್ಪತ್ನಾಲ್ಕು ವರ್ಷದವನವು, ಉಸಿರು ನಲವತ್ತರದು. ಒಂದು ಸಲ ಅಚ್ಚು ಇಳಿಯುವಾಗ ಎಡಗೈಯ ಬೆರಳುಗಳ ತುದಿಗೆ ಗಾಳಿ ತಾಗಿತು, ತಣ್ಣಗೆ, ಕತ್ತರಿಸಿದ ಉಗುರುಗಳ ಮೇಲೆ. ಅವನು ನಿಲ್ಲಿಸಲಿಲ್ಲ. "ಅಣ್ಣಾ, ಸಾಕು" ಎಂದು ಯಾರೋ ಹೆಂಗಸು ಕೂಗಿದಳು.

"ಆಯ್ತು, ಹತ್ತು ನಿಮಿಷ," ಎಂದರು ಅಧಿಕಾರಿ. ಎಣಿಸಿದರು. "ಎಪ್ಪತ್ತು."

ಅವನು ದಾರ ಎಳೆದ. ಬೆಣೆ ಮಡಿಲಿಗೆ ಬಿತ್ತು. ಉಸಿರು ಸಿಕ್ಕುವವರೆಗೆ ಕಾದು ಹೇಳಿದ: "ಎರಡು ಕಮ್ಮಿ ಆಯ್ತು ಸರ್. ಆವತ್ತು ನಂಗೆ ಇಪ್ಪತ್ನಾಲ್ಕು ವರ್ಷ."

"ಯಾವತ್ತು?"

"ನಿಮ್ಮ ಕೈಲಿರೋ ಆ ಕಾಗದದ ದಿನ. ಎಪ್ಪತ್ತೆರಡು ನಂದು. ಹೀಗೇ ಮಾಡಿದ್ದು, ಇದೇ ಬೆಣೆ ಇಟ್ಟು. ಇದನ್ನ ಕೆತ್ತಿದ್ದು ನಾನು, ಎಲ್ರಿಗೂ ಕೆತ್ತಿ ಕೊಟ್ಟಿದ್ದು ನಾನು. ಎದುರಿಗೆ ನಿಂತು ನೋಡಿದ್ದು ಇವರು." ಮ್ಯಾನೇಜರ್ ಕಡೆ ಕೈ ತೋರಿಸಲು ಹೋದ, ಬಲಗೈ ಎಂದು ತಿಳಿದರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಬರ್ಕೊಳ್ಳಿ ಸರ್."

ಅಧಿಕಾರಿ ಬರೆಯಲು ಜಾಗ ಹುಡುಕಿ, ಪ್ರೆಸ್ಸಿನ ಕಬ್ಬಿಣದ ಮೇಲೆಯೇ ಕಾಗದ ಇಟ್ಟುಕೊಂಡರು. ಚಪ್ಪಾಳೆ ಇಲ್ಲ, ಬೈಗುಳವೂ ಇಲ್ಲ. ಸಿಗರೇಟು ಬಚ್ಚಿಟ್ಟವನು ಕೆಳಗೆ ನೋಡುತ್ತಿದ್ದ. ಒಬ್ಬಳು ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದಳು. ಹದಿನಾರು ವರ್ಷ ಯಾವುದರ ಹಿಂದೆ ಓಡಿದೆವು ಎಂದು ಅವರು ಲೆಕ್ಕ ಹಾಕುತ್ತಿರಬೇಕು. ಹಾಕಲಿ. ಅವನು ಸ್ಟೂಲಿನ ಮೇಲೆಯೇ ಕೂತಿದ್ದ.

ಹುಡುಗಿ ಜನರ ನಡುವಿನಿಂದ ಬಂದು ಅವನ ಪಕ್ಕದಲ್ಲಿ ನಿಂತಳು. ಬಲಗೈಯಿಂದ ಅವನ ಮಡಿಲಿನ ಬೆಣೆಯ ಕೆಂಪು ದಾರವನ್ನು ಹಿಡಿದಳು, ಬೆಣೆ ಅವರಿಬ್ಬರ ನಡುವೆ ತೂಗಾಡಿತು.

"ದಾರ ನಾನು ಹಾಕಿದ್ದು ಅಣ್ಣ," ಎಂದಳು. "ಹಳೇದು ಕಪ್ಪುದಿತ್ತು, ಕಿತ್ತು ಹೋಗೋ ಹಾಗಾಗಿತ್ತು."

"ಹೂಂ."

"ಎಷ್ಟು ಎಳೆದ್ರೂ ಗಂಟು ಬಿಚ್ಚಕ್ಕೇ ಬರ್ಲಿಲ್ಲ. ಆವಾಗ ಹತ್ತು ಬೆರಳೂ ಇದ್ವು, ಆದ್ರೂ ಬರ್ಲಿಲ್ಲ. ಕೊನೆಗೆ ಹಲ್ಲಲ್ಲಿ ಕಚ್ಚಿ ಕಿತ್ತೆ." ಅವಳು ಅವನ ಮುಖವನ್ನು ನೋಡುತ್ತಿದ್ದಳು. "ಯಾವ ಪುಣ್ಯಾತ್ಮ ಕಟ್ಟಿದ್ನೋ ಅಂತ ಬಾಯಿ ತುಂಬಾ ಬೈದಿದ್ದೆ."